ಬಯಲಿನ ಶಿಲುಬೆಯ ಅಂಗಳ

ಫಿನ್ಲೆಂಡನ್ನು ಸಾವಿರ ಸರೋವರಗಳ ನಾಡೆಂದು ಕೊಂಡಾಡುವವರು ಅದರ ಪಶ್ಚಿಮದಲ್ಲಿರುವ ದಕ್ಷಿಣ ಪೊಹ್ಯಾನ್ಮಾ ಸೀಮೆಯನ್ನು ಕಂಡಿರಲಾರರು. ಕಂಡಿದ್ದರೂ ಕೊಂಡಾಡುವ ಭರದಲ್ಲಿ ಮರೆತಿರಬೇಕು. ಹೆಲ್ಸಿಂಕಿಯಿಂದ ಉತ್ತರಾಭಿಮುಖವಾಗಿ ಹೊರಟ ರೈಲು ತಾಂಪೆರೆ ನಗರವನ್ನು ದಾಟುವವರೆಗೆ, ದಾಟಿದ ಮೇಲೆಯೂ ಬಹುದೂರ, ಭೂರ್ಜ ಮತ್ತು ಪೈನ್ ವೃಕ್ಷಗಳ ದಟ್ಟಣೆಯ ನಡುವೆ ಆಗಾಗ ನೀರಿನ ಹೊಳಪನ್ನು ತೋರಿಸಿ ಮತ್ತೆ ಮರೆಮಾಡುತ್ತ ಸಾಗುತ್ತದೆ. ಅನಂತರ ಕಾಡು ಕ್ರಮೇಣ ಹಿಂದಕ್ಕೆ ಸರಿದು, ಬಾರ್ಲಿ ಮತ್ತು ಓಟ್ಸ್ ಬೆಳೆಯುವ ಹೊಲಗಳು ದಿಗಂತದವರೆಗೆ ಹಾಸಿಕೊಂಡಿರುವ, ಹುಲ್ಲು ಕೂಡಿಡುವ ಮರದ ಕೊಟ್ಟಿಗೆಗಳು ಮಳೆಗಾಳಿಗೆ ಬೂದುಬಣ್ಣ ತಾಳಿ ಅಲ್ಲೊಂದು ಇಲ್ಲೊಂದು ನಿಂತಿರುವ ಸಮತಲ ಪ್ರದೇಶವು ಕಣ್ಣಿಗೆ ಬೀಳುತ್ತದೆ. ಮಲೆನಾಡಿನ ಸೆರಗನ್ನು ದಾಟಿ ಧಾರವಾಡದಾಚೆಯ ಎರೆಯ ಸೀಮೆಯನ್ನು ಪ್ರವೇಶಿಸಿದವರಿಗೆ ಈ ಅನುಭವ ತೀರ ಅಪರಿಚಿತವಲ್ಲ: ಆಕಾಶವು ಅಕಸ್ಮಾತ್ತಾಗಿ ಇಮ್ಮಡಿಯಾದಂತೆಯೂ, ಮನುಷ್ಯನು ಅಷ್ಟೇ ಅಕಸ್ಮಾತ್ತಾಗಿ ಕುಗ್ಗಿದಂತೆಯೂ ಭಾಸವಾಗುತ್ತದೆ.

ಇಂತಹ ಬಯಲಿನಲ್ಲಿ ಎತ್ತರವಾಗಿ ನಿಂತ ಯಾವ ವಸ್ತುವಿಗಾದರೂ ತನ್ನ ಯೋಗ್ಯತೆಗೆ ಮೀರಿದ ಅಧಿಕಾರವು ತಾನಾಗಿ ಪ್ರಾಪ್ತವಾಗುತ್ತದೆ. ಸೆಯ್ನಾಯೋಕಿ ಎಂಬ ಪಟ್ಟಣವನ್ನು ಸಮೀಪಿಸುವಾಗ ಮೊದಲು ಗೋಚರಿಸುವುದು 65 ಮೀಟರ್ ಎತ್ತರದ ಒಂದು ಶ್ವೇತ ಗೋಪುರ. ಅದು ಅಲ್ಲಿನ ಲುಥೆರನ್ ಚರ್ಚಿನ ಘಂಟಾಗೋಪುರ. ಚರ್ಚಿನ ಹೆಸರು ‘ಲಾಕೆಯುದೆನ್ ರಿಸ್ತಿ’, ಅಂದರೆ ಬಯಲಿನ ಶಿಲುಬೆ. ಗೋಪುರವನ್ನು ನೋಡಿ ರೈಲಿನಲ್ಲಿಯೇ ತೃಪ್ತರಾಗಿ ಮುಂದೆ ಪ್ರಯಾಣ ಬೆಳೆಸುವವರೂ ಉಂಟು. ನಾನು ಅಲ್ಲಿ ಇಳಿದದ್ದು ಗೋಪುರಕ್ಕಾಗಿ ಅಲ್ಲ; ಅದರ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಬಾಗಿ ಕುಳಿತಿದೆಯೆಂದು ನಾನು ಓದಿ ತಿಳಿದಿದ್ದ ಸಭಾಗೃಹಕ್ಕಾಗಿ, ಮತ್ತು ಆ ಸಭಾಗೃಹವು ತನ್ನ ತೋಳುಗಳ ನಡುವೆ ಊರಿಗಾಗಿ ಬಿಟ್ಟಿರುವ ಅಂಗಳಕ್ಕಾಗಿ. ಯೂರೋಪಿನ ಪುರಾತನ ಚರ್ಚುಗಳ ಸುತ್ತ ಊರುಗಳು ಶತಮಾನಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಬೆಳೆದು ಹೆಣೆದುಕೊಂಡಿರುವುದನ್ನು ಎಲ್ಲರೂ ಬಲ್ಲರು. ಆದರೆ ಮಧ್ಯವೇ ಇಲ್ಲದ ಊರೊಂದಕ್ಕೆ ಮಧ್ಯವನ್ನು ಕಲ್ಪಿಸಿಕೊಡುವ ಭಾರವನ್ನು ಇಪ್ಪತ್ತನೆಯ ಶತಮಾನದ ಚರ್ಚೊಂದು ಹೊತ್ತುಕೊಂಡದ್ದು ಅಪರೂಪವಾದ ಪ್ರಸಂಗ.

ಸೆಯ್ನಾಯೋಕಿಗೆ ಮಧ್ಯವಿರಲಿಲ್ಲವೆಂಬುದು ಅತಿಶಯೋಕ್ತಿಯಲ್ಲ. ನದೀತೀರದಲ್ಲಿ ಒಂದು ಕಬ್ಬಿಣದ ಕಾರ್ಖಾನೆ, ಅದರ ಬೆನ್ನಿಗೆ ಸಿಡಿಮದ್ದಿನ ಕಾರ್ಖಾನೆ, ಅವುಗಳ ಧಣಿಯ ಬಂಗಲೆ, ಕೆಲಸಗಾರರ ಮನೆಗಳು: ಈ ಕ್ರಮದಲ್ಲಿ ಹುಟ್ಟಿದ ಊರು ಅದು. ತೊರ್ನಾವಾ ಎಂಬ ಆ ಹಳೆಯ ಭಾಗದಲ್ಲಿರುವ ಪುಟ್ಟ ಚರ್ಚು ಕೂಡ ಮೊದಲು ಕಾರ್ಖಾನೆಯ ಉಗ್ರಾಣವಾಗಿದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ದೇವರ ಸೇವೆಗೆ ವರ್ಗವಾದದ್ದು. 1883ರಲ್ಲಿ ರೈಲುಮಾರ್ಗವು ಬಂದಿತು; ಕವಲುದಾರಿಗಳು ಕೂಡುವ ಜಂಕ್ಷನ್ನಾದ ಮೇಲೆ ಊರು ತನ್ನ ಹಳೆಯ ನೆಲೆಯನ್ನು ಬಿಟ್ಟು ನಿಲ್ದಾಣದ ಕಡೆಗೆ ಸರಿದು ನಿಂತಿತು. ರೈಲಿನಿಂದ ಹುಟ್ಟಿದ ಊರುಗಳಿಗೆ ಸರ್ವತ್ರ ಇರುವ ಲಕ್ಷಣಗಳೇ ಇದಕ್ಕೂ ಇದ್ದವು: ಗೋದಾಮುಗಳು, ಹೋಟೆಲು, ಅಂಗಡಿಸಾಲು, ಎಲ್ಲಿಗೋ ಹೋಗುವವರ ಗಡಿಬಿಡಿ. ಜನರು ಸೇರಿ ನಿಲ್ಲಲು ಪ್ಲಾಟ್‌ಫಾರಮ್ಮನ್ನು ಬಿಟ್ಟರೆ ಸ್ಥಳವಿರಲಿಲ್ಲ. 1960ರಲ್ಲಿ ಈ ಊರಿಗೆ ನಗರವೆಂಬ ಪದವಿ ದೊರೆಯಿತು. ಬಯಲಿನ ಶಿಲುಬೆಯು ಪೂರ್ಣಗೊಂಡದ್ದೂ ಅದೇ ವರ್ಷ.

ಆ ಚರ್ಚಿಗಾಗಿ ವಿನ್ಯಾಸ ಸ್ಪರ್ಧೆಯೊಂದನ್ನು ಸಭೆಯವರು 1951ರಲ್ಲಿ ಏರ್ಪಡಿಸಿದ್ದರು. ಸ್ಪರ್ಧಿಸಿದವರಲ್ಲಿ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಒಬ್ಬನು. ಅವನು ಅನ್ಯನಲ್ಲ, ಅದೇ ಸೀಮೆಯ ಕುವೊರ್ತಾನೆ ಎಂಬ ಗ್ರಾಮದಲ್ಲಿ 1898ರಲ್ಲಿ ಜನಿಸಿದವನು, ತಾರುಣ್ಯದಲ್ಲಿ, 1920ರ ದಶಕದಲ್ಲಿ, ಸೆಯ್ನಾಯೋಕಿಯಲ್ಲಿಯೇ ಸ್ವಯಂಸೇವಕ ರಕ್ಷಣಾದಳಕ್ಕೆ ಒಂದು ಭವನವನ್ನು ಕಟ್ಟಿಕೊಟ್ಟವನು. ಐವತ್ತರ ಪ್ರಾಯ ಮೀರಿ ಲೋಕವಿಖ್ಯಾತನಾಗಿ ಮರಳಿ ಬಂದಾಗ ಅವನು ಮಾಡಿದ ಮೊದಲ ಕಾರ್ಯ ಸ್ಪರ್ಧೆಯ ನಿಯಮವನ್ನು ಉಲ್ಲಂಘಿಸಿದ್ದು. ಸ್ಪರ್ಧಾಳುಗಳಿಗೆ ಗೊತ್ತುಮಾಡಿ ಕೊಟ್ಟಿದ್ದ ನಿವೇಶನದ ಎಲ್ಲೆಯೊಳಗೆ ಚರ್ಚನ್ನೂ ಸಭಾಗೃಹವನ್ನೂ ಒತ್ತಿ ನಿಲ್ಲಿಸುವುದಕ್ಕೆ ಬದಲಾಗಿ, ಚರ್ಚಿನ ಮುಂದೆ ವಿಶಾಲವಾದ ಒಂದು ಅಂಗಳವನ್ನು ಬಿಟ್ಟು, ಆ ಅಂಗಳವನ್ನು ಸಭಾಗೃಹದ ತಗ್ಗಾದ ಕಟ್ಟಡಗಳಿಂದ ಬಳಸಿ, ಎಲ್ಲೆಗೆರೆಯನ್ನು ನಿರ್ದಾಕ್ಷಿಣ್ಯವಾಗಿ ದಾಟಿಹೋಗಿದ್ದನು. ತೀರ್ಪುಗಾರರ ಸಂಕಟವನ್ನು ಊಹಿಸಿಕೊಳ್ಳಬಹುದು. ನಿಯಮದ ಪ್ರಕಾರ ಆ ನಕ್ಷೆ ಬಹುಮಾನಕ್ಕೆ ಅನರ್ಹ; ಆದರೆ ಅದನ್ನು ನೋಡಿದ ಮೇಲೆ ಮಿಕ್ಕವುಗಳನ್ನು ಕಟ್ಟಲು ಮನಸ್ಸು ಬರುವಂತಿರಲಿಲ್ಲ. ಕಟ್ಟುವುದಾದರೆ ಇದನ್ನೇ ಕಟ್ಟಬೇಕೆಂದು ಅವರು ಶಿಫಾರಸು ಮಾಡಿದರು. ನಿಯಮವನ್ನು ಮಾಡುವ ಸಮಿತಿಗಳು ಎಲ್ಲ ದೇಶಗಳಲ್ಲಿಯೂ ಇರುತ್ತವೆ. ತಮ್ಮ ನಿಯಮಕ್ಕಿಂತ ಉತ್ತಮವಾದದ್ದು ಎದುರಿಗೆ ಬಂದಾಗ ಅದನ್ನು ಗುರುತಿಸುವ ಸಮಿತಿಗಳು ಇಷ್ಟು ವಿರಳವಾಗಿರದಿದ್ದರೆ ನಮ್ಮ ಪಟ್ಟಣಗಳ ಮುಖವೇ ಬೇರೆಯಾಗುತ್ತಿತ್ತೆಂದು ನನಗೆ ಅನಿಸುವುದುಂಟು.

ಅಂಗಳವನ್ನು ನಾನು ಪ್ರವೇಶಿಸಿದ್ದು ಬೇಸಗೆಯ ಒಂದು ಅಪರಾಹ್ನದಲ್ಲಿ. ಆ ಅಕ್ಷಾಂಶದಲ್ಲಿ ಜುಲೈ ತಿಂಗಳ ಅಪರಾಹ್ನವೆಂದರೆ ರಾತ್ರಿ ಹತ್ತರವರೆಗೆ ಎಳೆಯಬಹುದಾದ ವಸ್ತು. ಬೀದಿಯ ಕಡೆಯಿಂದ ಬರುವವನಿಗೆ ಸಭಾಗೃಹವು ತನ್ನ ಅಸ್ತಿತ್ವವನ್ನು ಸಾರುವುದಿಲ್ಲ. ಬಿಳಿಯ ಗಾರೆಯ, ಹೆಚ್ಚು ಎತ್ತರವಿಲ್ಲದ ಉದ್ದನೆಯ ಸಾಲುಕಟ್ಟಡ. ಕಂಬಗಳ ಆಡಂಬರವಿಲ್ಲ, ಮೆಟ್ಟಿಲುಗಳ ಗಾಂಭೀರ್ಯವಿಲ್ಲ. ಅದರ ಆಶ್ರಯದಲ್ಲಿ ಒಳಸರಿದೊಡನೆ ಬೀದಿಯ ಸದ್ದು ಒಂದು ಮಟ್ಟಕ್ಕೆ ಇಳಿಯುತ್ತದೆ, ಗಾಳಿ ಇಳಿಯುತ್ತದೆ, ಮತ್ತು ಎದುರಿಗೆ ಚರ್ಚಿನ ಮುಖವು, ಅದರ ಪಕ್ಕದಲ್ಲಿ ಪ್ರತ್ಯೇಕವಾಗಿ ನಿಂತ ಗೋಪುರವು, ಇಡಿಯಾಗಿ ಕಾಣಿಸಿಕೊಳ್ಳುತ್ತವೆ. ನೆಲವು ಹುಲ್ಲಿನ ಹಂತಗಳಾಗಿ ಅತ್ಯಲ್ಪ ಇಳಿಜಾರಿನಲ್ಲಿ ಸಾಗುತ್ತದೆ. ನಡೆಯುವಾಗ ಕಾಲಿಗೆ ತಿಳಿಯುವಷ್ಟೇ ಹೊರತು ಕಣ್ಣಿಗೆ ತಿಳಿಯುವಷ್ಟಲ್ಲ. ಕುಳಿತುಕೊಳ್ಳಬೇಕೆನಿಸಿತು, ಹುಲ್ಲಿನ ಮೇಲೆ ಕುಳಿತೆನು. ಕುಳಿತ ಮೇಲೆ ಈ ಹಂತಗಳು ಕುಳಿತುಕೊಳ್ಳುವುದಕ್ಕಾಗಿಯೇ ಇರುವವೆಂದೂ, ಚರ್ಚಿನ ಮುಖವೇ ಇಲ್ಲಿ ವೇದಿಕೆಯ ಹಿಂಗೋಡೆಯೆಂದೂ ಅರ್ಥವಾಯಿತು. ಕಟ್ಟಡಗಳೆರಡೂ ಸೇರಿ ತಮ್ಮಿಬ್ಬರಿಗಿಂತ ದೊಡ್ಡದಾದ ಮೂರನೆಯ ಕೋಣೆಯೊಂದನ್ನು ನಿರ್ಮಿಸಿಕೊಂಡಿದ್ದವು. ಅದಕ್ಕೆ ಛಾವಣಿ ಇಲ್ಲ, ಬೀಗವಿಲ್ಲ, ಬಾಗಿಲಿನಲ್ಲಿ ನಿಂತು ನೀನು ಯಾರ ಪೈಕಿಯವನೆಂದು ಕೇಳುವವರಿಲ್ಲ. ಚರ್ಚೊಂದರ ಒಳಗೆ ಕಾಲಿಡಲು ಸಂಕೋಚಪಡುವ ಅನ್ಯಧರ್ಮೀಯನೂ ನಾಸ್ತಿಕನೂ ಕೇವಲ ದಾರಿಹೋಕನೂ ಇಲ್ಲಿಯವರೆಗೆ ಬರಬಹುದು, ಬಂದು ಸುಮ್ಮನೆ ಕುಳಿತಿರಬಹುದು, ಎದ್ದುಹೋಗಬಹುದು. ಊರಿಗೂ ಗರ್ಭಗುಡಿಗೂ ನಡುವೆ ಇಂತಹ ಒಂದು ಮಧ್ಯಮ ಭೂಮಿಯಿಲ್ಲದಿದ್ದರೆ ಬಾಗಿಲನ್ನು ಎಷ್ಟು ಅಗಲವಾಗಿ ತೆರೆದಿಟ್ಟರೂ ಹೊರಗಿನವನು ಹೊರಗೇ ಉಳಿಯುತ್ತಾನೆ.

ಬೇಸಗೆಯಲ್ಲಿ ಬಯಲಿನಲ್ಲಿ ನೆರೆಯುವ ಅಭ್ಯಾಸವು ಆ ಸೀಮೆಯವರಿಗೆ ಆಲ್ಟೊ ಕಲಿಸಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿನ್ನಿಷ್ ರೈತರ ನಡುವೆ ಹುಟ್ಟಿದ ಧಾರ್ಮಿಕ ಜಾಗೃತಿಯ ಪಂಥವೊಂದು ಪೊಹ್ಯಾನ್ಮಾದಲ್ಲಿ ಆಳವಾಗಿ ಬೇರೂರಿದೆ. ಅದರ ಅನುಯಾಯಿಗಳು ಮನೆಗಳಲ್ಲಿ ಕಲೆತು, ಕುಳಿತಲ್ಲಿಯೇ, ನಿಧಾನಗತಿಯಲ್ಲಿ, ತಮ್ಮ ಹಳೆಯ ಗೀತೆಗಳನ್ನು ಹಾಡುತ್ತಾರೆ, ಮಧ್ಯೆ ಯಾರಾದರೊಬ್ಬರು ನಾಲ್ಕು ಮಾತು ಹೇಳುತ್ತಾರೆ, ಮತ್ತೆ ಹಾಡು. ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಬೇರೆಬೇರೆ ಊರುಗಳಲ್ಲಿ ನಡೆಯುವ ಅವರ ಮಹಾಸಮ್ಮೇಳನಕ್ಕೆ ಸಹಸ್ರಾರು ಜನ ಸೇರಿ ಬಯಲಿನಲ್ಲಿ ಬೆಂಚುಗಳ ಮೇಲೆ ಕುಳಿತು ಹಾಡುವುದುಂಟು. ಇಂತಹ ಜನಕ್ಕೆ ನಾಲ್ಕು ಗೋಡೆಗಳ ಚರ್ಚೊಂದನ್ನೇ ಕಟ್ಟಿಕೊಟ್ಟಿದ್ದರೆ ಅವರ ಭಕ್ತಿಯ ಅರ್ಧ ಭಾಗ ಹೊರಗುಳಿಯುತ್ತಿತ್ತು. ಆ ಸೀಮೆಯ ಪುರಾತನ ಮರದ ಚರ್ಚುಗಳ ಬಳಿ ಇನ್ನೂ ಒಂದು ವಿಶೇಷವನ್ನು ಕಾಣಬಹುದು: ಘಂಟಾಗೋಪುರವು ಚರ್ಚಿನಿಂದ ದೂರವಾಗಿ ನಿಂತಿರುತ್ತದೆ, ಅದರ ಗೋಡೆಯಲ್ಲಿ ಮರದಿಂದ ಕೆತ್ತಿದ ಭಿಕ್ಷುಕನ ಪ್ರತಿಮೆಯಿರುತ್ತದೆ, ಪ್ರತಿಮೆಯ ಎದೆಯಲ್ಲಿ ನಾಣ್ಯ ಹಾಕಲು ಸೀಳುಗಂಡಿಯಿರುತ್ತದೆ. ಅಲ್ಲಿ ಬಿದ್ದ ಹಣ ಊರಿನ ಬಡವರಿಗೆ. ದೇವರಿಗೂ ಊರಿಗೂ ನಡುವಣ ವ್ಯವಹಾರವು ಬಾಗಿಲಿನ ಹೊರಗೇ, ಗೋಪುರದ ಬುಡದಲ್ಲಿಯೇ ಆರಂಭವಾಗಬೇಕೆಂಬ ತಿಳಿವಳಿಕೆ ಅಲ್ಲಿಯ ಜನರಲ್ಲಿ ಮೊದಲಿನಿಂದಲೂ ಇತ್ತು.

ಆದರೆ ಅಂಗಳದ ಕಲ್ಪನೆಗೆ ಇನ್ನೊಂದು ಮೂಲವೂ ಇದೆ, ಅದು ದೂರದ್ದು. 1924ರಲ್ಲಿ ಆಲ್ಟೊ ತನ್ನ ನವವಧು ಐನೊಳೊಡನೆ ಇಟಲಿಗೆ ಹೋದನು. ಆಕೆಯೂ ವಾಸ್ತುಶಿಲ್ಪಿ. ಬೆಟ್ಟಗಳ ನೆತ್ತಿಯ ಮೇಲೆ ಕುಳಿತ ಅಲ್ಲಿಯ ಪಟ್ಟಣಗಳು, ಅವುಗಳ ಚೌಕ, ಚೌಕದ ಒಂದು ಮಗ್ಗುಲಿಗೆ ಚರ್ಚು, ಇನ್ನೊಂದು ಮಗ್ಗುಲಿಗೆ ಪುರಭವನ, ಮೇಲೆ ಗೋಪುರ: ಈ ಚಿತ್ರವು ಅವನ ಮನಸ್ಸಿನಲ್ಲಿ ಆಜೀವಪರ್ಯಂತ ಉಳಿಯಿತು. ಬೆಟ್ಟವೇ ಇಲ್ಲದ ಪೊಹ್ಯಾನ್ಮಾಕ್ಕೆ ಬೆಟ್ಟದ ಪಟ್ಟಣವನ್ನು ತರಲು ಹೊರಟದ್ದು ಸ್ವಲ್ಪ ವಿನೋದದ ಸಂಗತಿಯೇ ಸರಿ. ಬೆಟ್ಟವಿಲ್ಲವಾದ್ದರಿಂದ ಅವನು ಗೋಪುರವನ್ನು ಎತ್ತರಿಸಿದನು. ಸಾಲದೆಂದು, ಮುಂದೆ ಪುರಭವನವನ್ನು ಕಟ್ಟುವಾಗ, ಅದರ ಬಳಿ ಮಣ್ಣು ಒಟ್ಟಿ ಹುಲ್ಲಿನ ಮೆಟ್ಟಿಲುಗಳ ದಿಬ್ಬವನ್ನೇ ಮಾಡಿಸಿದನು. ಪರದೇಶದಿಂದ ತಂದ ಆದರ್ಶವೊಂದು ಸ್ವದೇಶದ ರೂಢಿಯೊಡನೆ, ಅಂದರೆ ರೈತರ ಬಯಲುಸಭೆಯೊಡನೆ, ಹೀಗೆ ಯಾರ ಬಲಾತ್ಕಾರವೂ ಇಲ್ಲದೆ ಬೆರೆತುಕೊಂಡಿರುವುದನ್ನು ನಾನು ಬೇರೆಲ್ಲಿಯೂ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಚರ್ಚಿನ ಒಳಾಂಗಣವನ್ನು ಕುರಿತು ಹೆಚ್ಚು ಬರೆಯಲಾರೆನು. ಸಾವಿರಕ್ಕೂ ಮಿಕ್ಕ ಜನ ಕುಳಿತುಕೊಳ್ಳಬಹುದಾದ ನೀಳವಾದ ಮಂದಿರ. ಪ್ರವೇಶದ್ವಾರದಿಂದ ವೇದಪೀಠದ ಕಡೆಗೆ ಕಿರಿದಾಗುತ್ತ ಹೋಗುವ ಗೋಡೆಗಳು. ತೆಳುವಾದ ಕಂಬಗಳು, ಬಿಳಿಯ ಕಮಾನುಗಳು. ದೀಕ್ಷಾಸ್ನಾನದ ಕಿರುಮಂದಿರದ ವರ್ಣಗಾಜಿನ ಕಿಟಕಿಯನ್ನೂ ಆಲ್ಟೊನೇ ರಚಿಸಿದನು. ಎಲ್ಲವೂ ಶುಭ್ರ, ಎಲ್ಲವೂ ಸಂಯತ. ಆದರೆ ನನಗೆ ಕೊಂಚ ಶೈತ್ಯವಾಗಿ ತೋರಿತು. ಹೊರಮೈಯ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಚರ್ಚಿಗೆ ಕರಿಯ ಗ್ರಾನೈಟ್ ಶಿಲೆಯನ್ನು ಹೊದಿಸಬೇಕೆಂಬುದು ಆಲ್ಟೊನ ಮೂಲ ಸಂಕಲ್ಪವಾಗಿತ್ತು. ಹಣ ಸಾಲದೆ ಇಟ್ಟಿಗೆಯ ಗೋಡೆಗೆ ಸುಣ್ಣದ ಬಿಳುಪನ್ನು ಬಳಿದು ಮುಗಿಸಬೇಕಾಯಿತು. ಬಡತನವು ಕಲೆಗೆ ಉಪಕಾರ ಮಾಡಿದ ನಿದರ್ಶನಗಳಲ್ಲಿ ಇದನ್ನೂ ಸೇರಿಸಬಹುದು. ಆ ಕಪ್ಪು ಶಿಲೆಯ ಗೋಪುರವು ಚಳಿಗಾಲದ ಮಬ್ಬಿನಲ್ಲಿ ಬಯಲಿನ ಮೇಲೆ ಎದ್ದು ನಿಂತಿದ್ದರೆ ಅದು ಜನರನ್ನು ಕರೆಯುತ್ತಿರಲಿಲ್ಲ, ಗದರಿಸುತ್ತಿತ್ತು.

ಚರ್ಚು ಮುಗಿದ ಮೇಲೆ ಸಭಾಗೃಹಕ್ಕಾಗಿ ಆರು ವರ್ಷ ಕಾಯಬೇಕಾಯಿತು. 1964ರಲ್ಲಿ ಆರಂಭವಾದ ಆ ಕಟ್ಟಡ 1966ರಲ್ಲಿ ಪೂರ್ಣವಾಯಿತು. ಆ ನಡುವಣ ಅವಧಿಯಲ್ಲಿ ಚರ್ಚು ತನ್ನ ಗೋಪುರದೊಡನೆ ಒಂಟಿಯಾಗಿ ನಿಂತಿತ್ತು. ಅಂಗಳವು ಅಂಗಳವಾಗಿರದೆ ಬರಿಯ ಖಾಲಿ ಜಾಗವಾಗಿತ್ತು. ಖಾಲಿ ಜಾಗವನ್ನು ಅಂಗಳವನ್ನಾಗಿ ಮಾರ್ಪಡಿಸುವುದು ಅದರ ಸುತ್ತ ನಡೆಯುವ ದೈನಂದಿನ ಜೀವನ. ಆ ಜೀವನಕ್ಕೆ ಬೇಕಾದುದು ಚರ್ಚಿನ ಕಮಾನಲ್ಲ, ಸಭಾಗೃಹದ ತಗ್ಗು ಮಾಡು. ಇದನ್ನು ನಾನು ಕಣ್ಣಾರೆ ಕಂಡದ್ದು ಭಾನುವಾರ. ಆರಾಧನೆ ಮುಗಿದ ಬಳಿಕ ಕಾಫಿ ಕುಡಿಯುವ ಸಂಪ್ರದಾಯವು ಫಿನ್ಲೆಂಡಿನ ಸಭೆಗಳಲ್ಲಿ ಆರಾಧನೆಯಷ್ಟೇ ಸ್ಥಿರವಾದದ್ದು. ‘ಚರ್ಚಿನ ಕಾಫಿ’ ಎಂದೇ ಅದಕ್ಕೆ ಹೆಸರು. ಲೋಕದಲ್ಲಿ ಅತ್ಯಧಿಕವಾಗಿ ಕಾಫಿ ಕುಡಿಯುವ ಜನರ ಸಾಲಿನಲ್ಲಿ ಮೊದಲು ನಿಲ್ಲುವವರು ಅವರು. ಚಿಕ್ಕಮಗಳೂರಿನ ಕಾಫಿಯನ್ನು ಕುಡಿದು ಬೆಳೆದ ನಾನು ಅವರ ತಿಳಿಯಾದ ಕಷಾಯದ ಗುಣವನ್ನು ಕುರಿತು ಮೌನವಾಗಿರುವುದೇ ಮರ್ಯಾದೆ. ಆದರೆ ಅದರೊಡನೆ ಕೊಟ್ಟ ಹೆಣಿಗೆಯ ಸಿಹಿರೊಟ್ಟಿಯನ್ನು ಮುರಿದಾಗ ಬಂದದ್ದು ಏಲಕ್ಕಿಯ ಪರಿಮಳ. ಅದಿಲ್ಲದೆ ಆ ದೇಶದಲ್ಲಿ ಸಿಹಿರೊಟ್ಟಿಯನ್ನೇ ಮಾಡುವುದಿಲ್ಲವಂತೆ. ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರಿಗೆ ಆ ಗಿಡವು ನನ್ನ ನಾಡಿನ ತೋಟಗಳಲ್ಲಿ ಬೆಳೆಯುವುದೆಂದು ಹೇಳಿದೆನು. ಅವರು ಅದನ್ನು ಮೇಜಿನ ಸುತ್ತ ಕುಳಿತವರಿಗೆಲ್ಲ ತಿಳಿಸಿದರು. ಎಲ್ಲರೂ ನನ್ನನ್ನು ನೋಡಿ ತಲೆದೂಗಿದರು. ಮಾತು ಅಲ್ಲಿಗೆ ಮುಗಿಯಿತು. ಫಿನ್ನರ ಮಿತಭಾಷಿತ್ವದ ಬಗ್ಗೆ ಕೇಳಿದ್ದೆನಾದ್ದರಿಂದ ಆಶ್ಚರ್ಯವಾಗಲಿಲ್ಲ.

ಕಾಫಿಯ ಕೋಣೆಯ ಕಿಟಕಿಗಳು ಅಂಗಳಕ್ಕೆ ತೆರೆದುಕೊಂಡಿವೆ. ಪ್ರಾರ್ಥನೆ ಮುಗಿಸಿ ಬಂದವರು ಅಲ್ಲಿಂದ ಮತ್ತೆ ಅಂಗಳವನ್ನು ನೋಡುತ್ತಾರೆ. ಅಂಗಳದಲ್ಲಿ ಇರುವವರು ಇವರನ್ನು ನೋಡುತ್ತಾರೆ. ಅಂದು ಅಲ್ಲಿ ಸೈಕಲ್ಲುಗಳನ್ನು ಹುಲ್ಲಿನ ಮೇಲೆ ಉರುಳಿಸಿ ಐಸ್‌ಕ್ರೀಮ್ ತಿನ್ನುತ್ತಿದ್ದ ನಾಲ್ಕಾರು ಹುಡುಗರಿದ್ದರು. ಅವರಿಗೆ ಆರಾಧನೆಯ ಗೊಡವೆಯೇ ಇದ್ದಂತಿರಲಿಲ್ಲ. ಸಭಾಗೃಹದಲ್ಲಿ ವಾರದ ಮಿಕ್ಕ ದಿನಗಳಲ್ಲಿ ಏನೇನು ನಡೆಯುವುದೆಂದು ವಿಚಾರಿಸಿದಾಗ ದೊರೆತ ಉತ್ತರ ಯಾವ ಸಭೆಯಲ್ಲಿಯೂ ದೊರೆಯಬಹುದಾದದ್ದೇ: ಗಾಯನಮಂಡಲಿಯ ಅಭ್ಯಾಸ, ಪುಟ್ಟ ಮಕ್ಕಳ ಕೂಟ, ಹದಿನೈದು ವರ್ಷದವರ ದೃಢೀಕರಣದ ಪಾಠ, ವೃದ್ಧರ ಭೇಟಿ, ಕಷ್ಟದಲ್ಲಿರುವವರಿಗೆ ನೆರವು, ಮದುವೆಯ ಊಟ, ಮರಣದ ಊಟ. ಇವುಗಳಲ್ಲಿ ಒಂದಕ್ಕೂ ವಾಸ್ತುಪ್ರತಿಭೆಯ ಅವಶ್ಯಕತೆಯಿಲ್ಲ. ಯಾವ ಶೆಡ್ಡಿನಲ್ಲಾದರೂ ಇವು ನಡೆಯಬಲ್ಲವು. ಆಲ್ಟೊ ಮಾಡಿದ್ದೇನೆಂದರೆ, ಈ ಸಾಧಾರಣ ಕೆಲಸಗಳನ್ನೆಲ್ಲ ಹಿತ್ತಿಲಿಗೆ ತಳ್ಳದೆ, ಚರ್ಚಿನ ಮುಂದೆ, ಊರು ಬರುವ ದಾರಿಯಲ್ಲಿ ಸಾಲಾಗಿ ಇರಿಸಿದನು. ದೇವರ ದರ್ಶನಕ್ಕೆ ಹೋಗುವವನು ಗಾಯಕರನ್ನೂ ಮಕ್ಕಳನ್ನೂ ಮುದುಕರನ್ನೂ ಹಾದು ಹೋಗಬೇಕು. ಸ್ಪರ್ಧೆಯ ನಿಯಮವನ್ನು ಅವನು ಮುರಿದದ್ದು ಇದಕ್ಕಾಗಿಯೇ ಎಂದು ನನ್ನ ಅಭಿಪ್ರಾಯ.

ಅಂಗಳದಿಂದ ಹೊರಟು ಬೀದಿಯನ್ನು ದಾಟಿದರೆ ನಾಗರಿಕ ಕೇಂದ್ರ. ಚರ್ಚಿನ ಕೆಲಸ ಸಾಗುತ್ತಿದ್ದಾಗಲೇ ಪುರಭವನದ ಸ್ಪರ್ಧೆಯನ್ನೂ ಆಲ್ಟೊ ಗೆದ್ದನು. 1962ರಲ್ಲಿ ಪುರಭವನ, 1965ರಲ್ಲಿ ಗ್ರಂಥಾಲಯ, 1968ರಲ್ಲಿ ಸರಕಾರಿ ಕಚೇರಿಗಳು, ಅವನು 1976ರಲ್ಲಿ ತೀರಿಕೊಂಡ ಬಹುಕಾಲದ ಮೇಲೆ, 1987ರಲ್ಲಿ, ನಾಟಕಶಾಲೆ: ಒಬ್ಬ ಮನುಷ್ಯನ ಕಲ್ಪನೆಯನ್ನು ಒಂದು ಪಟ್ಟಣವು ಮೂರೂವರೆ ದಶಕಗಳ ಕಾಲ ತಾಳ್ಮೆಯಿಂದ ಅನುಸರಿಸಿತು. ಅವನ ಎರಡನೆಯ ಪತ್ನಿ ಎಲಿಸಾ ಉಳಿದ ಕೆಲಸವನ್ನು ಮುಂದುವರಿಸಿದಳು. ಪುರಭವನದ ಗೋಡೆಗೆ ಗಾಢನೀಲ ವರ್ಣದ ಪಿಂಗಾಣಿಯನ್ನು ಹೊದಿಸಿದೆ. ಬೆಳಕು ವಾಲಿದಂತೆ ಅದು ಒಮ್ಮೆ ಕಪ್ಪಾಗಿಯೂ ಒಮ್ಮೆ ಸಮುದ್ರದಂತೆಯೂ ಕಾಣುತ್ತದೆ. ಗ್ರಂಥಾಲಯವು ಬೀಸಣಿಗೆಯಾಕಾರದ್ದು, ನಡುವೆ ನೆಲವನ್ನು ತಗ್ಗಿಸಿ ಓದುವವರಿಗೆ ಸ್ಥಳ ಮಾಡಿದೆ. ನಾನು ಅಲ್ಲಿ ಬಹಳ ಹೊತ್ತು ಕುಳಿತಿದ್ದೆನು. ನಿಜ ಹೇಳಬೇಕಾದರೆ ಚರ್ಚಿಗಿಂತ ಆ ಗುಂಡಿಯಲ್ಲಿ ಕುಳಿತಾಗಲೇ ನನಗೆ ಹೆಚ್ಚು ಧ್ಯಾನಸ್ಥನಾದಂತೆ ಅನಿಸಿತು. 2012ರಲ್ಲಿ ಇದರ ಬದಿಗೆ ಹೊಸ ಗ್ರಂಥಾಲಯವೊಂದು ಬಂದಿದೆ; ತಾಮ್ರ ಹೊದ್ದ ಆ ಕಟ್ಟಡದ ಕರ್ತರು ಆಲ್ಟೊನ ಕೃತಿಯನ್ನು ಮುಟ್ಟದೆ, ಸ್ವಲ್ಪ ದೂರ ನಿಂತು, ನೆಲದಡಿಯ ದಾರಿಯಿಂದ ಕೈಚಾಚಿದ್ದಾರೆ.

ಚರ್ಚನ್ನೂ ಪುರಭವನವನ್ನೂ ಹೀಗೆ ಎದುರುಬದುರಾಗಿ ಕೂರಿಸುವುದು ಈ ಕಾಲಕ್ಕೆ ಉಚಿತವೇ ಎಂದು ಕೇಳುವವರು ಫಿನ್ಲೆಂಡಿನಲ್ಲಿಯೂ ಇರಬಹುದು. ಆ ದೇಶದಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಕಾನೂನು 1923ರಿಂದ ಜಾರಿಯಲ್ಲಿದೆ. ಯಾರಾದರೂ ಸಭೆಯನ್ನು ಬಿಟ್ಟು ಹೋಗಬಹುದು, ಹೋಗುವವರೂ ಇದ್ದಾರೆ. ಆದರೂ ಸದಸ್ಯರಾಗಿ ಉಳಿದವರ ಆದಾಯದಿಂದ ನೂರಕ್ಕೆ ಸುಮಾರು 1ರಿಂದ 2ರಷ್ಟನ್ನು ಚರ್ಚಿನ ತೆರಿಗೆಯೆಂದು ಸರಕಾರವೇ ವಸೂಲಿ ಮಾಡಿ ಸಭೆಗೆ ಸಲ್ಲಿಸುತ್ತದೆ. ಸ್ಮಶಾನಗಳನ್ನು ಸದಸ್ಯರಿಗೂ ಅಲ್ಲದವರಿಗೂ ಸಭೆಗಳೇ ನೋಡಿಕೊಳ್ಳುತ್ತವೆ. ಇಂತಹ ಸಂಬಂಧವಿರುವಲ್ಲಿ ಸಭಾಗೃಹವೆಂಬುದು ಭಕ್ತರ ಖಾಸಗಿ ಸ್ವತ್ತಾಗಿ ಬೇಲಿ ಹಾಕಿಕೊಳ್ಳುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಬೀದಿಯು ಚರ್ಚನ್ನೂ ಪುರಭವನವನ್ನೂ ಬೇರ್ಪಡಿಸುತ್ತದೆ. ಅಂಗಳ ಮತ್ತು ಚೌಕ ಎರಡನ್ನೂ ಒಂದೇ ನಡಿಗೆಯಲ್ಲಿ ಸೇರಿಸುತ್ತವೆ. ಪ್ರತ್ಯೇಕತೆಯೂ ಸಾಮೀಪ್ಯವೂ ಒಟ್ಟಿಗೆ ಇರಬಲ್ಲವೆಂಬುದನ್ನು ಸಂವಿಧಾನದ ಭಾಷೆಯಲ್ಲಿ ಬರೆಯುವುದಕ್ಕಿಂತ ಕಲ್ಲುಹಾಸಿನಲ್ಲಿ ಬರೆಯುವುದು ಸುಲಭವೆಂದು ತೋರುತ್ತದೆ.

ದೋಷವಿಲ್ಲವೆಂದಲ್ಲ. ನಾಗರಿಕ ಕೇಂದ್ರದ ಚೌಕವು ಕಲ್ಲಿನ ಹಾಸಾಗಿ ಬಿಕೋ ಎನ್ನುತ್ತಿರುತ್ತದೆ. ಇಟಲಿಯ ಚೌಕಗಳ ಅಂಚಿನಲ್ಲಿರುವ ಅಂಗಡಿ, ಕಾಫಿಮನೆ, ಮೇಲಂತಸ್ತಿನ ಕಿಟಕಿಯಿಂದ ಇಣುಕುವ ಗೃಹಿಣಿ ಇಲ್ಲಿ ಇಲ್ಲ. ಸುತ್ತಲೂ ಸಾರ್ವಜನಿಕ ಕಟ್ಟಡಗಳೇ ಇದ್ದರೆ ಐದು ಗಂಟೆಯ ಮೇಲೆ ಸಾರ್ವಜನಿಕರೇ ಇರುವುದಿಲ್ಲ. ಜುಲೈ ತಿಂಗಳಿನಲ್ಲಿ ಟ್ಯಾಂಗೊ ನೃತ್ಯದ ಮಹೋತ್ಸವಕ್ಕೆಂದು ದೇಶದ ನಾನಾ ಭಾಗಗಳ ಜನ ಈ ಊರಿಗೆ ನುಗ್ಗುತ್ತಾರೆ. 1985ರಿಂದ ನಡೆದುಬಂದಿರುವ ಆ ಉತ್ಸವದಲ್ಲಿ ಮಿತಭಾಷಿಗಳಾದ ಫಿನ್ನರು ಕುಣಿಯುವುದು ಬೀದಿಯಲ್ಲಿ. ಪುರಭವನದ ಎದುರಿನ ಕಲ್ಲುಹಾಸಿಗೆ ಅಂತಹ ಸಂದಣಿ ವರ್ಷವಿಡೀ ದೊರೆಯುವುದಿಲ್ಲ. ಚರ್ಚಿನ ಅಂಗಳಕ್ಕೆ ಈ ದುರವಸ್ಥೆ ಅಷ್ಟಾಗಿ ಬಂದಿಲ್ಲ. ಕಾರಣ ಹುಲ್ಲು, ಕಾರಣ ತಗ್ಗು ಮಾಡು, ಕಾರಣ ಕಾಫಿ.

ಅಲ್ಲಿ ಕುಳಿತಾಗ ಮಂಗಳೂರು ನೆನಪಾದದ್ದು ಸಹಜ. ಬಾಸೆಲ್ ಮಿಶನ್ನಿನವರು 1834ರಲ್ಲಿ ಅಲ್ಲಿಗೆ ಬಂದು ಕಟ್ಟಿದ್ದು ಬರಿಯ ಪ್ರಾರ್ಥನಾಮಂದಿರಗಳನ್ನಲ್ಲ. ಶಾಲೆ, ನೇಯ್ಗೆಯ ಶಾಲೆ, ಮುದ್ರಣಾಲಯ, 1865ರಲ್ಲಿ ಹಂಚಿನ ಕಾರ್ಖಾನೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರೂ ಅವರೇ. ಸಭೆಯು ಊರಿನೊಡನೆ ಬೆಸೆದುಕೊಂಡದ್ದು ಅಲ್ಲಿ ಅಂಗಳದ ಮೂಲಕ ಅಲ್ಲ, ದುಡಿಮೆಯ ಮೂಲಕ. ಆ ಕೆಂಪು ಹಂಚು ಮಸೀದಿಯ ಮೇಲೂ ದೇವಸ್ಥಾನದ ಮೇಲೂ ಪಂಚಾಯತಿ ಕಚೇರಿಯ ಮೇಲೂ ಏರಿ ಕುಳಿತು ಇಡೀ ಕರಾವಳಿಯ ಚಹರೆಯಾಯಿತು. ಇಂದು ಅದೇ ಕರಾವಳಿಯಲ್ಲಿ ಕಟ್ಟುತ್ತಿರುವ ಸಭಾಭವನಗಳನ್ನು, ಯಾವ ಧರ್ಮದವೇ ಆಗಲಿ, ನೋಡಿದರೆ, ಅವುಗಳ ಮುಂದೆ ಇರುವುದು ವಾಹನ ನಿಲ್ಲಿಸುವ ಡಾಮರು, ಎತ್ತರದ ಆವರಣಗೋಡೆ, ಕಾವಲುಗಾರನ ಗೂಡು. ಒಳಗೆ ಹವಾನಿಯಂತ್ರಣ ಚೆನ್ನಾಗಿರುತ್ತದೆ.

ಅದೇ ಪ್ರವಾಸದಲ್ಲಿ ದೇಶದ ಇನ್ನೊಂದು ತುದಿಗೆ, ರಷ್ಯದ ಗಡಿಗೆ ಅಂಟಿಕೊಂಡಿರುವ ಇಮಾತ್ರಕ್ಕೂ ಹೋದೆನು. ಕಾಗದದ ಕಾರ್ಖಾನೆಗಳ ಊರದು. ಅದರ ವುವೊಕ್ಸೆನ್ನಿಸ್ಕಾ ಭಾಗದಲ್ಲಿ, ಪೈನ್ ವೃಕ್ಷಗಳ ನಡುವೆ, 1958ರಲ್ಲಿ ಪೂರ್ಣಗೊಂಡ ‘ಮೂರು ಶಿಲುಬೆಗಳ ಚರ್ಚು’ ಇದೆ. ಅದೂ ಆಲ್ಟೊನದೇ. ಅದೇ ಪ್ರಶ್ನೆಗೆ ಅವನು ಅಲ್ಲಿ ಬೇರೆಯೇ ಉತ್ತರವನ್ನು ಕೊಟ್ಟಿದ್ದಾನೆ. ಪ್ರತ್ಯೇಕವಾದ ಸಭಾಗೃಹಕ್ಕೆ ಬದಲಾಗಿ ಚರ್ಚನ್ನೇ ಒಂದರ ಹಿಂದೊಂದಾಗಿ ಮೂರು ಕೋಣೆಗಳನ್ನಾಗಿ 42 ಸೆಂಟಿಮೀಟರ್ ದಪ್ಪದ, ವಿದ್ಯುಚ್ಛಕ್ತಿಯಿಂದ ಸರಿಯುವ ಗೋಡೆಗಳಿಂದ ಭಾಗಿಸಿದ್ದಾನೆ. ಗೋಡೆಗಳು ಮುಚ್ಚಿದ್ದರೆ ಒಂದರಲ್ಲಿ ಪ್ರಾರ್ಥನೆ, ಉಳಿದೆರಡರಲ್ಲಿ ಊರಿನ ಕೆಲಸಗಳು, ಒಂದಕ್ಕೊಂದು ಸದ್ದು ತಾಗದಂತೆ; ಹಬ್ಬದ ದಿನ ತೆರೆದರೆ ಎಲ್ಲವೂ ಸೇರಿ ಒಂದೇ ಮಹಾಮಂದಿರ. ನಾನು ಹೋದಾಗ ಅಲ್ಲಿದ್ದ ಮಾರ್ಗದರ್ಶಿನಿ ಗುಂಡಿಯೊಂದನ್ನು ಒತ್ತಿ ಗೋಡೆಯನ್ನು ನಡೆಸಿ ತೋರಿಸಿದಳು; ಡೊಂಕಾದ ಆ ಗೋಡೆ ತನ್ನ ಹಳಿಯ ಮೇಲೆ ಗಂಭೀರವಾಗಿ ಗುರುಗುಟ್ಟುತ್ತ ಬಂದು ನಿಂತಿತು. ಯುಕ್ತಿಯ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ಒಂದೇ ಮಾಡಿನ ಅಡಿಯಲ್ಲಿ, ಒಂದೇ ಖರ್ಚಿನಲ್ಲಿ, ಒಂದೇ ಒಲೆಯ ಶಾಖದಲ್ಲಿ ಎರಡೂ ಲೋಕಗಳು. ಆದರೆ ಸಭೆಗೆ ಸೇರದವನಿಗೆ ಇಲ್ಲಿ ನಿಲ್ಲಲು ಸ್ಥಳವಿಲ್ಲ. ಒಳಗೆ ಬರಬೇಕು, ಇಲ್ಲವೇ ಕಾಡಿಗೆ ಹೋಗಬೇಕು. ಊರು ಮತ್ತು ಸಭೆ ಎಲ್ಲಿ ಸಂಧಿಸಬೇಕೆಂದು ನನ್ನನ್ನು ಜುಲೈ ತಿಂಗಳಿನಲ್ಲಿ ಕೇಳಿದವರಿಗೆ ಸೆಯ್ನಾಯೋಕಿಯ ಅಂಗಳವೆಂದು ನಿಸ್ಸಂಶಯವಾಗಿ ಹೇಳುತ್ತೇನೆ. ಜನವರಿಯಲ್ಲಿ, ಬಯಲಿನ ಗಾಳಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿದು ಬೀಸುವಾಗ ಕೇಳುವವರು ಸ್ವಲ್ಪ ಕಾಯಬೇಕಾಗುತ್ತದೆ. ಇಮಾತ್ರದ ಆ ಗುಂಡಿ ಯಾವ ಗೋಡೆಯಲ್ಲಿತ್ತೆಂದು ಮೊದಲು ಜ್ಞಾಪಿಸಿಕೊಳ್ಳುತ್ತೇನೆ.